ಎಂಟು ಕೈಯ ಸಂಚಾಲಕರು

ಬಂಟ್ವಾಳ ಪೇಟೆ
6-12-1981

ಪ್ರೀತಿಯ ಮನೋರಮಾ,

ನಿನ್ನ ಅಣ್ಣನಿಗೆ ತಂಗಿಗೊಂದು ಕಾಗದ ಹಾಕಿ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತಿತು. "ನೀನೇ ಬರೆ, ಕೊನೆಗೆ ನನ್ನ ಹೆಸರೂ ಸೇರಿಸು" ಎನ್ನುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸುವ ಮೇಷ್ಟ್ರು ನೋಡು! ಹಾಗಾಗಿ ನಿನ್ನ ಪಾಲಿಗೆ ಈ ಅತ್ತಿಗೆಯೇ ಗತಿ.

ನೀನು ಕೇಳುವ ಮೊದಲು ಹೇಳಿಬಿಡುತ್ತೇನೆ, ಆರ್ಡರ್ ಬಂದಿಲ್ಲ. ಆರು ವರ್ಷದಿಂದ ತಾತ್ಕಾಲಿಕ ಮೇಷ್ಟ್ರು, ಈಗಲೂ ತಾತ್ಕಾಲಿಕವೇ. ಶಾಲೆ ನಡೆಸುವ ಸಂಚಾಲಕರು ಒಂದು ಸಹಿ ಹಾಕಿದರೆ ಖಾಯಂ ಆಗುತ್ತದೆ. ಆದರೆ ಮಹಾಲಿಂಗೇಶ್ವರ ರಾಯರ ಪೆನ್ನಿಗೆ ಇವರ ಹೆಸರು ಮಾತ್ರ ಕಾಣುವುದಿಲ್ಲ. ಕಳೆದ ವಾರ ಅವರ ಮನೆಯಲ್ಲಿ ಹೋಮ ಇತ್ತು. ಮೇಷ್ಟ್ರುಗಳೆಲ್ಲ ಹೋಗಿ ಎಲೆ ಹಾಕಿ, ಬಡಿಸಿ, ಎಂಜಲೆಲೆ ಎತ್ತಿ ಬಂದರು. ಬಗ್ಗಿ ಬಗ್ಗಿ ಇವರಿಗೆ ಸೊಂಟ ನೋವು. ನನಗೆ ಮಾತ್ರ ಮೈಯೆಲ್ಲ ಉರಿ.

ಆ ಉರಿಯನ್ನು ನಾನು ಎಲ್ಲಿ ಕಳೆಯುತ್ತೇನೆಂದು ನಿನಗೆ ಗೊತ್ತುಂಟು. ನಮ್ಮ ಮನೆಯ ಮೆಟ್ಟಿಲು ಇಳಿದರೆ ರಸ್ತೆಯೇ ಅಲ್ಲವೇ? ಬೆಳಿಗ್ಗೆ ಸೆಗಣಿ ನೀರು ಚಿಮುಕಿಸಿ ರಂಗೋಲಿ ಹಾಕುವಾಗ ಈಚೆಗೆ ಕಮಲ, ಶಂಖ, ಚಕ್ರ ಒಂದೂ ಬರುವುದಿಲ್ಲ. ಮನುಷ್ಯರೇ ಬರುತ್ತಾರೆ. ಮೊನ್ನೆ ಬಸ್ಸಿನ ಕಂಡಕ್ಟರನನ್ನು ಬರೆದೆ. ಒಂದು ಕೈ ಜನರನ್ನು ಒಳಗೆ ನೂಕುತ್ತದೆ, ಇನ್ನೊಂದು ಕೈ "ಒಳಗೆ ಮೈದಾನದಷ್ಟು ಜಾಗ ಉಂಟು" ಎಂದು ತೋರಿಸುತ್ತದೆ. ಬಸ್ಸಿನ ಕಿಟಕಿಯಲ್ಲಿ ಬರೀ ಮೂಗುಗಳು. ಆಚೆ ಮನೆಯ ಕೊಂಕಣಿ ಬಾಯಮ್ಮ ತಮ್ಮ ರಂಗೋಲಿ ಬಿಟ್ಟು ಬಂದು ನಕ್ಕದ್ದೇ ನಕ್ಕದ್ದು. ಕಂಡಕ್ಟರನೂ ಬಂದು ನೋಡಿ, "ನನ್ನ ಮೀಸೆ ಇಷ್ಟು ದಪ್ಪ ಉಂಟಾ ಅಕ್ಕ?" ಅಂತ ಕೇಳಿ ಹೋದ. ಸಂಜೆಯೊಳಗೆ ಜನರ ಕಾಲಿಗೆ ಸಿಕ್ಕಿ ಎಲ್ಲ ಅಳಿಸಿಹೋಗುತ್ತದೆ. ಯಾರಿಗೂ ನೋವಿಲ್ಲ.

ಈಗ ವಿಷಯ ಕೇಳು. ಬಸ್ಸುಗಳಿಗೆ ಹೆಸರು ಬರೆಯುವ ಪೇಂಟರ್ ನಿಝಾಮುದ್ದೀನ್ ಎಂಬವರು ಅದನ್ನೆಲ್ಲ ದಿನಾ ನೋಡುತ್ತಿದ್ದರಂತೆ. ನಿನ್ನೆ ಬಂದು ಇವರ ಹತ್ತಿರ ಮಾತಾಡಿದರು. ಮೂಡಬಿದಿರೆಯಲ್ಲಿ ಕಾಲೇಜು ಹುಡುಗರೂ ನಿಝಾಮುದ್ದೀನರೂ ಸೇರಿ ಒಂದು ಪ್ರದರ್ಶನ ಮಾಡುತ್ತಾರಂತೆ. ಗೋಡೆಯಲ್ಲಿ, ಬಸ್ಸಿನ ಹಿಂದೆ, ಬೀದಿಯಲ್ಲಿ ಜನ ತಮಾಷೆಗೆ, ಸಿಟ್ಟಿಗೆ ಬರೆದ ಚಿತ್ರಗಳದ್ದು. "ಅಕ್ಕ ಬಂದು ಒಂದು ಬರೆದು ಕೊಡಬೇಕು" ಎಂದರು. ನಿನ್ನ ಅಣ್ಣ ಒಳ್ಳೆಯದೋ ಕೆಟ್ಟದೋ ಹೇಳದೆ, "ಜನವರಿ ಹತ್ತು ಆದಿತ್ಯವಾರ, ಶಾಲೆ ಇಲ್ಲ" ಎಂದರು. ಅದನ್ನು ನಾನು ಒಪ್ಪಿಗೆ ಅಂತ ತಿಳಿದುಕೊಂಡೆ.

ನಿನ್ನ
ಶಂಕರಿ ಅತ್ತಿಗೆ
(ಅಣ್ಣನ ಹೆಸರೂ ಸೇರಿಸಿದೆ)


ಹುಬ್ಬಳ್ಳಿ
19-12-1981

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕಾಗದ ಆಫೀಸಿನ ಊಟದ ಹೊತ್ತಿಗೆ ಬಂತು. ಓದಿ ನಕ್ಕು ಮಜ್ಜಿಗೆ ನೆತ್ತಿಗೇರಿತು. ಟೈಪಿಸ್ಟ್ ಹುಡುಗಿಯರೆಲ್ಲ "ಏನ್ರೀ, ಏನಾತು?" ಅಂತ ಸುತ್ತ ಸೇರಿದರು. ಓದಿ ಹೇಳಿದೆ. ಕಂಡಕ್ಟರನ ಮೀಸೆ ಅವರಿಗೂ ಬಹಳ ಸೇರಿತು. ನಮ್ಮ ಹಾಸ್ಟೆಲಿನ ವಾರ್ಡನ್ನನ್ನೂ ಒಮ್ಮೆ ಬರೆಸಬೇಕಂತೆ, ಹೇಗಾದರೂ ನಿಮ್ಮನ್ನು ಹುಬ್ಬಳ್ಳಿಗೆ ಕರೆಸಬೇಕಂತೆ!

ಖಂಡಿತ ಹೋಗಿ ಅತ್ತಿಗೆ. ನಾಚಿಕೊಂಡು ಮೂಲೆಯಲ್ಲಿ ಅಂಗೈಯಷ್ಟು ಬರೆದು ಬರಬೇಡಿ. ಊರಿಗೆಲ್ಲ ಕಾಣುವ ಹಾಗೆ ಬರೆಯಿರಿ. ನೀಲಿ ಸೀರೆ ಉಟ್ಟುಕೊಳ್ಳಿ.

ಏನು ಬರೆಯುತ್ತೀರಿ ಅಂತ ಮಾತ್ರ ಹೇಳಲಿಲ್ಲ. ಕಂಡಕ್ಟರನನ್ನೇ ತಾನೆ? ಅದೇ ಒಳ್ಳೆಯದು. ಎಲ್ಲರಿಗೂ ಗೊತ್ತಾಗುತ್ತದೆ, ಯಾರಿಗೂ ಸಿಟ್ಟು ಬರುವುದಿಲ್ಲ.

ಅಣ್ಣನಿಗೂ ಬೇರೆ ಒಂದು ಕಾಗದ ಹಾಕಿದ್ದೇನೆ. ಸುಮ್ಮನೆ, ಕ್ಷೇಮ ಸಮಾಚಾರ. ಸಂಚಾಲಕರ ಮನೆಯಲ್ಲಿ ಇನ್ನೊಂದು ಹೋಮ ಆದರೂ ಹೋಗಿ ಬಡಿಸಲಿ ಅತ್ತಿಗೆ. ಎಂಜಲೆಲೆ ಎತ್ತಿದರೆ ಕೈ ಸವೆಯುವುದಿಲ್ಲ. ಇಷ್ಟು ವರ್ಷ ಕಾದು ಈಗ ಕೆಡಿಸಿಕೊಳ್ಳುವುದು ಬೇಡ.

ನಿಮ್ಮ
ಮನೋರಮಾ


ಬಂಟ್ವಾಳ ಪೇಟೆ
12-1-1982

ಪ್ರೀತಿಯ ಮನೋರಮಾ,

ಹೋಗಿ ಬಂದೆವು. ನಿಂತಲ್ಲಿ ನಿಲ್ಲಲಾಗುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ, ಯಾರಿಗಾದರೂ ಹೇಳದಿದ್ದರೆ ನನಗೆ ತಲೆ ಕೆಡುತ್ತದೆ. ಮೊದಲೇ ಹೇಳುತ್ತೇನೆ, ನಾನು ಕಂಡಕ್ಟರನನ್ನು ಬರೆಯಲಿಲ್ಲ.

ಪ್ರದರ್ಶನ ಇದ್ದದ್ದು ಮೂಡಬಿದಿರೆ ಪೇಟೆಯ ಒಂದು ಹಳೆಯ ಅಕ್ಕಿ ಗೋಡೌನಿನಲ್ಲಿ. ಒಳಗೆ ಇನ್ನೂ ಗೋಣಿಚೀಲದ ವಾಸನೆ. ಬಾಗಿಲ ಮೇಲೆ "ಬೀದಿಯ ನಗೆ" ಎಂದು ಬೋರ್ಡು. ನಿಝಾಮುದ್ದೀನರು ತಗಡಿನ ಮೇಲೆ ಬಸ್ಸಿನ ಹಿಂಬದಿ ಬರೆದಿದ್ದರು. ಮೇಲೆ ದೇವರ ಹೆಸರು, ಕೆಳಗೆ ಹೊಂಡ, ಹೊಂಡದಲ್ಲಿ ಒಬ್ಬ ದೋಣಿ ಹುಟ್ಟುಹಾಕುತ್ತಿದ್ದಾನೆ. ಒಂದು ಕಡೆ ಗದ್ದೆಯಲ್ಲಿ ಕಾಗೆ ಓಡಿಸಲು ನಿಲ್ಲಿಸುವ ಬೆರ್ಚಪ್ಪನಿಗೆ ಬಿಳಿ ಜುಬ್ಬಾ ತೊಡಿಸಿ ಮೈಕಿನ ಮುಂದೆ ನಿಲ್ಲಿಸಿದ್ದರು. ಅವನ ತಲೆಯ ಮೇಲೆ ಕಾಗದದ ಕಾಗೆಗಳು ಹಾಯಾಗಿ ಕೂತಿದ್ದವು. ಉಜಿರೆಯ ಹಾಸ್ಟೆಲಿನ ಹುಡುಗರು ಗೋಡೆಯಲ್ಲಿ ಇದ್ದಿಲಿನಿಂದ ಬರೆದ ಅಡುಗೆಭಟ್ಟನನ್ನು ಬಟ್ಟೆಯ ಮೇಲೆ ನಕಲು ಮಾಡಿ ತಂದಿದ್ದರು. ಸಾರಿನ ಪಾತ್ರೆಯಲ್ಲಿ ಬೇಳೆ ಹುಡುಕಲು ಗಾಳ ಹಾಕಿ ಕೂತಿದ್ದಾನೆ ಭಟ್ಟ!

ಒಂದು ವಿಷಯ ನನಗೆ ವಿಚಿತ್ರವಾಗಿ ಕಂಡಿತು. ಬೀದಿಯಲ್ಲಾದರೆ ಜನ ತರಕಾರಿ ಚೀಲ ಹಿಡಿದುಕೊಂಡು ಹೋಗುವಾಗ ನೋಡಿ, ಒಂದು ಮಾತು ಬೈದು, ನಕ್ಕು ಹೋಗುತ್ತಾರೆ. ಇಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಪಿಸುಮಾತಿನಲ್ಲಿ ಸಾಲಾಗಿ ನಡೆಯುತ್ತಿದ್ದರು. ಒಬ್ಬ ಅಜ್ಜ ಗಾಳ ಹಾಕಿದ ಭಟ್ಟನನ್ನು ನೋಡಿ ಕಿಸಕ್ಕನೆ ನಕ್ಕು, ತಪ್ಪಾಯಿತೇನೋ ಎಂಬಂತೆ ಸುತ್ತ ನೋಡಿದ. ನನಗೆ ಪಾಪ ಅನಿಸಿತು. ನಗಲಿಕ್ಕೆಂದೇ ಬರೆದದ್ದನ್ನು ಗೋಡೆಗೆ ತೂಗುಹಾಕಿ ಇಟ್ಟರೆ ಜನ ನಗಲು ಹೆದರುತ್ತಾರೆ ಮಾರಾಯ್ತಿ.

ನನಗೆ ಒಳಗಿನ ನೆಲ ಕೊಡಲಿಲ್ಲ, ಅದು ಮಣ್ಣಿನದು. ಬಾಗಿಲಿನ ಎದುರಿನ ಸಿಮೆಂಟು ಜಾಗ ಕೊಟ್ಟರು. ಬೆಳಿಗ್ಗೆ ಯಾರೂ ಬರುವ ಮೊದಲೇ ಕೂತು ಬರೆದೆ. ಬಿಳಿ ಹುಡಿ, ಕೆಮ್ಮಣ್ಣು, ಅರಸಿನ, ಇದ್ದಿಲ ಹುಡಿ. ಮೂಡಬಿದಿರೆಯಲ್ಲಿ ನಮ್ಮ ಗುರುತಿನವರು ಯಾರಿದ್ದಾರೆ ಎಂಬ ಧೈರ್ಯ. ನಾನು ಬರೆದದ್ದು ಮಹಾಲಿಂಗೇಶ್ವರ ರಾಯರನ್ನು.

ಬೈಯಬೇಡ, ಪೂರ್ತಿ ಓದು. ದೊಡ್ಡ ಹೊಟ್ಟೆ, ಹಣೆಯಲ್ಲಿ ನಾಮ, ಎಂಟು ಕೈ. ಒಂದರಲ್ಲಿ ಬಾಳೆಗೊನೆ, ಒಂದರಲ್ಲಿ ಹಲಸಿನ ಹಣ್ಣು, ತುಪ್ಪದ ಭರಣಿ, ಹಾಲಿನ ತಂಬಿಗೆ, ಎಳನೀರು, ಯಾರೋ ಕೊಟ್ಟ ಹೊಸ ಕೊಡೆ. ಏಳನೆಯ ಕೈಯಲ್ಲಿ ಒಬ್ಬ ಸಣ್ಣ ಮೇಷ್ಟ್ರು, ಬೆಕ್ಕಿನ ಮರಿಯನ್ನು ಎತ್ತಿದ ಹಾಗೆ ಅಂಗಿಯ ಕಾಲರಿನಲ್ಲಿ ನೇತಾಡುತ್ತಿದ್ದಾನೆ. ಎಂಟನೆಯ ಕೈ ಖಾಲಿ, ಇನ್ನೂ ಏನಾದರೂ ಉಂಟಾ ಎಂದು ಚಾಚಿದ್ದು. ಎಲ್ಲ ತೆಗೆದುಕೊಳ್ಳುವ ಕೈಗಳು, ಕೊಡುವ ಕೈ ಒಂದೂ ಇಲ್ಲ. ನಿನ್ನ ಅಣ್ಣ ಚಹಾ ಕುಡಿದು ಬಂದು ನೋಡಿದವರು ಹಾಗೆಯೇ ಮೆಟ್ಟಿಲ ಮೇಲೆ ಕುಳಿತರು. "ಯಾರಿಗೂ ಗೊತ್ತಾಗುವುದಿಲ್ಲ" ಎಂದೆ.

ಉದ್ಘಾಟನೆಗೆ ಮಂಗಳೂರಿನಿಂದ ಒಬ್ಬ ಪತ್ರಕರ್ತರು ಬರಬೇಕಿತ್ತು. ಅವರಿಗೆ ಜ್ವರ. ಹುಡುಗರು ಪೇಟೆಯೆಲ್ಲ ಓಡಿ, ನೆಂಟರ ಮನೆಗೆ ಬಂದಿದ್ದ ಒಬ್ಬ ದೊಡ್ಡ ಮನುಷ್ಯರನ್ನು ಕೈಕಾಲು ಹಿಡಿದು ಕರೆತಂದರು. ಜೀಪಿನಿಂದ ಇಳಿದದ್ದು ಯಾರು ಹೇಳು? ಜರಿ ಶಾಲು ಹೊದ್ದುಕೊಂಡು ಸಾಕ್ಷಾತ್ ಮಹಾಲಿಂಗೇಶ್ವರ ರಾಯರು. ಹಿಂದೆ ಅವರ ಹೆಂಡತಿ ಮೂಕಾಂಬಿಕಕ್ಕ.

ನಿನ್ನ ಅಣ್ಣನ ಮುಖ ನೋಡಲು ಧೈರ್ಯ ಆಗಲಿಲ್ಲ. ಆರು ವರ್ಷ ಅವರು ಕಾದದ್ದನ್ನು ಒಂದು ಬೆಳಿಗ್ಗೆ ನಾನು ಸುಟ್ಟೆ ಅಂತಲೇ ಗ್ರಹಿಸಿದೆ.

ರಾಯರು ಬಾಗಿಲಿಗೆ ಬಂದರು. ರಂಗೋಲಿ ನೋಡಿದರು. ನಿಂತರು. ಮೂಕಾಂಬಿಕಕ್ಕ "ಅಯ್ಯೋ ದೇವರೇ, ನಿಮ್ಮನ್ನೇ ಬರೆದದ್ದಲ್ವಾ ಇದು!" ಎಂದರು. ಮತ್ತೆ ಏನು ಮಾಡಿದರು ಗೊತ್ತಾ? ಉದ್ಘಾಟನೆಯ ಹರಿವಾಣದಿಂದ ಒಂದು ಕೆಂಪು ದಾಸವಾಳ ತೆಗೆದು ಚಿತ್ರದ ನೆತ್ತಿಯ ಮೇಲೆ ಇಟ್ಟರು, ಹಣೆಗೆ ಕುಂಕುಮ ಹಾಕಿದರು. ರಾಯರು ಕಣ್ಣು ಮುಚ್ಚಿ ಕೈಮುಗಿದರು. ತನ್ನ ಚಿತ್ರಕ್ಕೆ ತಾನೇ! ಬಾಗಿಲಿನಲ್ಲಿ ರಂಗೋಲಿ ಹಾಕುವುದು ಬರುವವರನ್ನು ಗೌರವಿಸಲಿಕ್ಕೆ ತಾನೆ? ಎಂಟು ಕೈ ಇರುವುದು ದೇವರಿಗೆ ತಾನೆ? ಅವರ ಲೆಕ್ಕದಲ್ಲಿ ಬೇರೆ ಅರ್ಥವೇ ಇಲ್ಲ. ನೇತಾಡುವ ಮೇಷ್ಟ್ರನ್ನು ತೋರಿಸಿ, "ಇದು ವಿದ್ಯಾರ್ಥಿ. ನಾನು ಮೇಲೆತ್ತಿದ್ದು" ಎಂದು ಹೆಂಡತಿಗೆ ವಿವರಿಸಿದರು. ಖಾಲಿ ಕೈ ಆಶೀರ್ವಾದದ್ದಂತೆ.

"ಬರೆದದ್ದು ಯಾರು?" ಎಂದರು. "ನಾನು" ಎಂದೆ. ನನ್ನ ಪಕ್ಕದಲ್ಲಿ ಇವರನ್ನು ಕಂಡು, "ಓ, ನಮ್ಮ ವೆಂಕಟೇಶ್ವರನ ಮನೆಯವರಾ! ನಿಮಗೆ ಇಷ್ಟು ಭಕ್ತಿ ಉಂಟೂಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ" ಎಂದು ಇವರ ಬೆನ್ನು ತಟ್ಟಿದರು. ಕಾಲೇಜು ಹುಡುಗರು ಬೆರ್ಚಪ್ಪನ ಹಿಂದೆ ಅಡಗಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಹೊರಡುವಾಗ ಮೂಕಾಂಬಿಕಕ್ಕ ನನ್ನ ಕೈ ಹಿಡಿದು, "ಇವರನ್ನು ಯಾರೂ ಹೀಗೆ ಕಂಡದ್ದಿಲ್ಲ ಮಗಾ. ನಮ್ಮ ಮಕ್ಕಳೇ ಮಾತಾಡಿಸುವುದಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಬರೆದದ್ದು ಏನು, ಅವರು ಕಂಡದ್ದು ಏನು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ.

ಶಂಕರಿ ಅತ್ತಿಗೆ


ಹುಬ್ಬಳ್ಳಿ
20-1-1982

ಅತ್ತಿಗೆ!

ನಿಮ್ಮನ್ನು ಏನು ಮಾಡಬೇಕು? ಅರ್ಧ ಓದಿ ಹೆದರಿ ಕಾಗದ ಮಡಚಿ ಇಟ್ಟುಬಿಟ್ಟೆ. ಮತ್ತೆ ಓದಿ ಹಾಸಿಗೆಯಲ್ಲಿ ಬಿದ್ದು ಹೊರಳಾಡಿ ನಕ್ಕೆ. ತನ್ನ ಚಿತ್ರಕ್ಕೆ ತಾನೇ ಕೈಮುಗಿದರು ಅಂದರೆ! ದೇವರು ದೊಡ್ಡವನು. ಇನ್ನು ನೀವು ಯೋಚನೆಗೀಚನೆ ಮಾಡಬೇಡಿ. ಯಾರು ಏನು ತಿಳಿದುಕೊಂಡರೆ ನಮಗೇನು? ಅವರಿಗೆ ಸಂತೋಷ ಆಯಿತು, ನಮಗೆ ಆರ್ಡರ್ ಬಂದರೆ ಸಾಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇನ್ನು ಮೇಲೆ ತುಂಟತನ ಬೇಡ. ಮನೆಯ ಎದುರು ಸ್ವಲ್ಪ ದಿನ ಕಮಲವೇ ಬರೆಯಿರಿ. ನನ್ನ ಮೇಲೆ ಆಣೆ.

ಮನೋರಮಾ


ಬಂಟ್ವಾಳ ಪೇಟೆ
1-2-1982

ಪ್ರೀತಿಯ ಮನೋರಮಾ,

ಕಮಲವೇ ಬರೆಯುತ್ತಿದ್ದೇನೆ. ಆಚೆ ಮನೆಯ ಬಾಯಮ್ಮ ನನಗೆ ಹುಷಾರಿಲ್ಲವೋ ಎಂದು ಕೇಳಿದರು.

ಸಂತೋಷದ ಸುದ್ದಿ ಉಂಟು. ರಾಯರು ಇವರನ್ನು ಕರೆಸಿ, ಹದಿಮೂರನೆಯ ತಾರೀಕು ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆಯೇ ಖಾಯಂ ಆರ್ಡರ್ ಕೊಡುತ್ತೇನೆ ಎಂದಿದ್ದಾರೆ. ನಾನು ಶಾಲೆಯ ಬಾಗಿಲಿಗೆ ಅವರ ರಂಗೋಲಿ ಬರೆಯಬೇಕು. "ನಿನ್ನ ಹೆಂಡತಿಗೆ ಹೇಳು, ಮೂಡಬಿದಿರೆಯದ್ದಕ್ಕಿಂತ ಚಂದ ಆಗಬೇಕು" ಎಂದರಂತೆ. ಇವರು ಮನೆಗೆ ಬಂದವರು ಎರಡು ಸಲ ಕಾಫಿ ಕೇಳಿ ಕುಡಿದರು.

ಹೆದರಬೇಡ, ಈ ಸಲ ಕುಹಕ ಒಂದು ಗೆರೆಯಷ್ಟೂ ಇಲ್ಲ. ಆ ಹೆಂಗಸಿನ ಮುಖ ನನ್ನ ಕಣ್ಣಿನಿಂದ ಹೋಗುವುದೇ ಇಲ್ಲ. ಅವರು ಕಂಡ ಮನುಷ್ಯ ನನಗೆ ಕಂಡಿರಲಿಲ್ಲ. ಮನಸ್ಸಿಟ್ಟು, ಗೌರವದಿಂದ ಬರೆಯುತ್ತೇನೆ. ಇದು ನಾನು ನಿನಗೆ ಕೊಡುವ ಮಾತು.

ಶಂಕರಿ


ಹುಬ್ಬಳ್ಳಿ
22-2-1982

ಪ್ರೀತಿಯ ಅತ್ತಿಗೆ ಮತ್ತು ಖಾಯಂ ಮೇಷ್ಟ್ರಿಗೆ,

ವಾರ್ಷಿಕೋತ್ಸವ ಕಳೆದು ವಾರ ದಾಟಿತು, ಒಂದು ಕಾರ್ಡೂ ಇಲ್ಲ! ಬಂದವರಿಗೆಲ್ಲ ಪಾಯಸ ಬಡಿಸಿ ಬಡಿಸಿ ನಿಮಗೆ ಪುರುಸೊತ್ತಿಲ್ಲ, ನನಗೆ ಗೊತ್ತಾಗುತ್ತದೆ. ನಾನು ಕಾಯಲಿಲ್ಲ. ಮೊನ್ನೆ ಆಫೀಸಿನಲ್ಲಿ ಎಲ್ಲರಿಗೂ ಧಾರವಾಡ ಪೇಡೆ ಹಂಚಿದೆ. "ಮದುವೀ ಏನ್ರೀ ನಿಮ್ದು?" ಎಂದರು. "ಅದಕ್ಕಿಂತ ದೊಡ್ಡದು, ನನ್ನ ಅಣ್ಣನಿಗೆ ಖಾಯಂ ಆಯಿತು" ಎಂದೆ.

ಕೂಡಲೇ ಬರೆಯಿರಿ.

ಮನೋರಮಾ


ಬಂಟ್ವಾಳ ಪೇಟೆ
7-3-1982

ಪ್ರೀತಿಯ ಮನೋರಮಾ,

ನಿನ್ನ ಪೇಡೆಯ ಕಾಗದ ಬಂದ ದಿನ ನಾನು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎಂದು ದಿನ ತಳ್ಳಿದೆ. ಆರ್ಡರ್ ಸಿಗಲಿಲ್ಲ. ಸಿಗುವುದೂ ಇಲ್ಲ. ಮುಂದಿನ ಜೂನ್‌ನಿಂದ ಬರಬೇಡ ಎಂದು ಇವರಿಗೆ ಹೇಳಿ ಆಗಿದೆ.

ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ, ನಂಬು. ಮೂಡಬಿದಿರೆಯಲ್ಲಿ ಕಣ್ಣು ಮುಚ್ಚಿ ನಿಂತ ರಾಯರನ್ನು ಹಾಗೆಯೇ ಬರೆದೆ. ಬೋಳು ತಲೆ, ಭುಜದಿಂದ ಜಾರಿದ ಶಾಲು, ಎದೆಯ ಹತ್ತಿರ ಜೋಡಿಸಿದ ಎರಡು ಕೈ. ಕುತ್ತಿಗೆಯ ನೆರಿಗೆ ಸಹ ಬಿಡಲಿಲ್ಲ. ಒಬ್ಬ ವಯಸ್ಸಾದ ಮನುಷ್ಯ, ಯಾರೋ ತನ್ನನ್ನು ಕಂಡರಲ್ಲ ಎಂದು ಸಂತೋಷಪಟ್ಟು ನಿಂತದ್ದು. ಇಷ್ಟು ಚಂದದ್ದನ್ನು ನಾನು ಇದುವರೆಗೆ ಬರೆದಿಲ್ಲ. ಜವಾನ ಹುಕ್ರಪ್ಪ ನೋಡಿ, "ಜೀವ ಉಂಟಕ್ಕ" ಎಂದ.

ರಾಯರು ಬಂದರು. ಹಿಂದೆ ವಾದ್ಯ, ಮಕ್ಕಳು, ಊರಿನವರು. ಬಾಗಿಲಿನಲ್ಲಿ ನಿಂತು ನೋಡಿದರು, ನೋಡಿಯೇ ನೋಡಿದರು. "ಇದು ಯಾರು?" ಎಂದರು.

"ನೀವೇ" ಎಂದೆ.

"ನಾನಾ? ಅಲ್ಲಿ ಎಂಟು ಕೈ, ಇಲ್ಲಿ ಎರಡಾ? ಬೇಡಲಿಕ್ಕೆ ನಿಂತವರ ಹಾಗೆ ಬರೆದದ್ದಾ ನನ್ನನ್ನು?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಷ್ಟೇ, ನಗು ಮಕ್ಕಳಿಂದ ಮಕ್ಕಳಿಗೆ ಹಬ್ಬಿತು. ಮೂಡಬಿದಿರೆಯಲ್ಲಿ ಬರಬೇಕಾಗಿದ್ದ ನಗು ಇಲ್ಲಿ ಬಂತು. ನಾನು ಕುಚೇಷ್ಟೆಗೆ ಬರೆದದ್ದನ್ನು ಪೂಜೆ ಮಾಡಿದರು, ಪ್ರೀತಿಯಿಂದ ಬರೆದದ್ದು ಅವಮಾನ ಆಯಿತು. ಮೂಕಾಂಬಿಕಕ್ಕ ಮಾತ್ರ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಅವರಿಗೆ ಅರ್ಥವಾಯಿತು ಅಂತ ನನಗೆ ಅನಿಸುತ್ತದೆ, ಆದರೆ ಗಂಡನ ಎದುರು ಅವರು ಏನು ಹೇಳಿಯಾರು?

ರಾಯರ ಮುಖ ಕೆಂಪಾಯಿತು. "ವೆಂಕಟೇಶ್ವರ, ಇದನ್ನು ಈಗಲೇ ಗುಡಿಸು" ಎಂದರು. ಹುಕ್ರಪ್ಪ ಹೆದರಿ ಓಡಿ ಹಿಡಿಸೂಡಿ ತಂದು ಇವರ ಕೈಗೆ ಕೊಟ್ಟ. ವೇದಿಕೆಯ ಮೇಲೆ ಹರಿವಾಣದಲ್ಲಿ ತಾಂಬೂಲ, ಅದರ ಅಡಿಯಲ್ಲಿ ಆ ಆರ್ಡರ್. ಬಾಗಿಲಿನಿಂದ ನನಗೆ ಕಾಣುತ್ತಿತ್ತು. ನಾನೇ ಬಗ್ಗಿ ಸೆರಗಿನಲ್ಲಿ ಒರೆಸಲು ಹೋದೆ ಮನೋರಮಾ. ಒಂದು ಹಿಡಿ ಹುಡಿಗೋಸ್ಕರ ಗಂಡನ ಅನ್ನ ಯಾಕೆ ಕಳೆಯಬೇಕು ಎಂದು. ನಿನ್ನ ಅಣ್ಣ ಕೈ ಅಡ್ಡ ಹಿಡಿದರು.

"ಒಳ್ಳೆಯ ದಿನ ಹಾಕಿದ ರಂಗೋಲಿಯನ್ನು ಹಗಲು ಹೊತ್ತು ಗುಡಿಸುವ ಕ್ರಮ ಇಲ್ಲ" ಎಂದರು. ಸ್ವರ ದೊಡ್ಡದು ಮಾಡಲಿಲ್ಲ, ಪಾಠ ಹೇಳುವ ಹಾಗೆಯೇ. "ಅದು ಸಾವಿನ ಮನೆಯಲ್ಲಿ. ನಾಳೆ ಬೆಳಿಗ್ಗೆ ಯಾರಾದರೂ ಗುಡಿಸಲಿ."

"ಹೇಳ್ತಾ ಇರುವುದು ನಾನು!"

"ಕೇಳಿತು ಸಂಚಾಲಕರೇ. ಇದು ನನ್ನ ಹೆಂಡತಿ ಬರೆದದ್ದು. ನಾನು ಗುಡಿಸುವುದಿಲ್ಲ."

ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಇಟ್ಟರು. ಸಾವಿನ ಮನೆ ಎಂಬ ಮಾತು ಬಿದ್ದ ಮೇಲೆ ಇನ್ನಾರು ಗುಡಿಸುತ್ತಾರೆ? ಕೊನೆಗೆ ರಾಯರು ಪಂಚೆ ಎತ್ತಿ ಹಿಡಿದು ತನ್ನ ಚಿತ್ರವನ್ನು ಬಳಸಿಕೊಂಡು ಒಳಗೆ ಹೋದರು. ಹರಿವಾಣದಲ್ಲಿದ್ದ ಕಾಗದ ಅವರ ಜೇಬಿಗೆ ಹೋಯಿತು.

ಮನೆಗೆ ಬರುವಾಗ ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ. "ನನ್ನಿಂದ ನಿಮ್ಮ ಕೆಲಸ ಹೋಯಿತು" ಎಂದೆ. ಅವರು ಆಗ ಹೇಳಿದರು, ನೀನು ಡಿಸೆಂಬರಿನಲ್ಲಿ ಅವರಿಗೆ ಬರೆದ ಕಾಗದದ ವಿಷಯ. ಅತ್ತಿಗೆಯನ್ನು ಮೂಡಬಿದಿರೆಗೆ ಕಳಿಸಬೇಡ, ಬೀದಿಯಲ್ಲಿ ಬರೆಯುವುದನ್ನೇ ನಿಲ್ಲಿಸು, ನನ್ನ ಹೆಸರು ಹೇಳಬೇಡ ಎಂದು ಬರೆದಿದ್ದೆಯಂತೆ. ನನಗೆ ಸಿಟ್ಟಿಲ್ಲ ಮನೋರಮಾ, ನಿನಗೆ ಅಣ್ಣನ ಚಿಂತೆ. "ಮತ್ತೆ ಯಾಕೆ ನಿಲ್ಲಿಸಲಿಲ್ಲ?" ಎಂದು ಕೇಳಿದೆ. "ಆರು ವರ್ಷ ನಾನು ಎಲ್ಲರಿಗೂ ಹೌದು ಹೌದು ಅಂದೆ. ಮನೆಯಲ್ಲಿ ಒಬ್ಬರಾದರೂ ಮನಸ್ಸಿಗೆ ಬಂದದ್ದನ್ನು ಮಾಡಲಿ ಅಂತ" ಎಂದರು. ಇಷ್ಟು ವರ್ಷ ನಾನು ಅವರ ಮೌನವನ್ನು ಹೆದರಿಕೆ ಎಂದು ತಿಳಿದಿದ್ದೆ. ಅವರು ನನ್ನನ್ನು ಕಾಯುತ್ತಿದ್ದರು. ಈ ಮನುಷ್ಯನ ಮೇಲೆ ನನಗೆ ಇಷ್ಟು ಪ್ರೀತಿ ಉಂಟೆಂದು ನನಗೇ ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ ಆದರೂ ನಿನ್ನ ಹತ್ತಿರ ಹೇಳಿದೆ.

ಉಜಿರೆಯಲ್ಲಿ ಒಂದು ಟ್ಯುಟೋರಿಯಲ್ ಶುರುವಾಗುತ್ತದಂತೆ. ಅಲ್ಲಿ ಕೇಳಿ ಬರಲು ಇವತ್ತು ಮೊದಲ ಬಸ್ಸಿಗೆ ಹೊರಟರು. ನಾನು ಮೆಟ್ಟಿಲ ಕೆಳಗೆ ಹುಡಿ ಹಿಡಿದು ಕೂತಿದ್ದೆ.

"ಇವತ್ತೂ ಕಮಲವಾ?" ಎಂದರು.

"ಅಲ್ಲ, ನಿಮ್ಮನ್ನು."

ಕೊಡೆ ಬಗಲಿಗೆ ಸಿಕ್ಕಿಸಿ ಅಲ್ಲೇ ನಿಂತರು. ಸ್ವಲ್ಪ ಹೊತ್ತು ನೋಡಿ, "ಮೂಗು ಸ್ವಲ್ಪ ಸಣ್ಣ ಮಾಡು ಮಾರಾಯ್ತಿ, ನಾಲ್ಕು ಜನ ನೋಡ್ತಾರೆ" ಎಂದರು.

ಮೂಗನ್ನು ಇದ್ದ ಹಾಗೆಯೇ ಬರೆದೆ. ಆಚೆ ಮನೆಯ ಬಾಯಮ್ಮ ಜಗಲಿಯಿಂದ ನೋಡಿ ಗಟ್ಟಿಯಾಗಿ ನಕ್ಕರು, ನಿನ್ನ ಅಣ್ಣನೂ ನಕ್ಕರು. ಅಷ್ಟರಲ್ಲಿ ಮೊದಲ ಬಸ್ಸು ತಪ್ಪಿತು. ಎರಡನೆಯದಕ್ಕೆ ಹೋದರು.

ನಿನ್ನ
ಶಂಕರಿ